ಹೊಟ್ಟೆಯೊಳಗಿನ ಎರಡನೇ ಉಂಗುರ

"ಬೇಡ ಅನ್ನಿಸಿದ ದಿನ ತೆಗೆಸಿಬಿಡಬಹುದು, ಹೊಟ್ಟೆ ಮೊದಲಿನಂತೆ ಆಗುತ್ತೆ." ತೂಕ ಇಳಿಸಲು ಹಾಕುವ ಗ್ಯಾಸ್ಟ್ರಿಕ್ ಬ್ಯಾಂಡ್ ಅಷ್ಟು ಬೇಗ ಹೆಸರು ಮಾಡಲು ಈ ಭರವಸೆಯೇ ದೊಡ್ಡ ಕಾರಣ. ಜಠರವನ್ನು ಕತ್ತರಿಸುವುದಿಲ್ಲ, ಕರುಳಿನ ದಾರಿ ಬದಲಿಸುವುದಿಲ್ಲ. ಜಠರದ ಮೇಲ್ತುದಿಗೆ ಸಿಲಿಕೋನಿನ ಉಂಗುರ ತೊಡಿಸಿ, ಅದರೊಳಗಿನ ಬಲೂನಿಗೆ ಸಲೈನ್ ತುಂಬಿ ಬೇಕಾದಷ್ಟು ಬಿಗಿ ಮಾಡುತ್ತಾರೆ. ಉಂಗುರವನ್ನು ತೆಗೆಯಬಹುದು ಅನ್ನುವುದೇನೋ ಸರಿ. ಹೊಟ್ಟೆ ಮೊದಲಿನಂತೆ ಆಗುತ್ತೆ ಅನ್ನುವುದು ಸರಿಯಲ್ಲ. ಸರ್ಜನ್ ಹಾಕಿದ ಉಂಗುರದ ಸುತ್ತ ಅಷ್ಟರಲ್ಲಿ ದೇಹ ತನ್ನದೇ ಇನ್ನೊಂದು ಉಂಗುರ ಕಟ್ಟಿಕೊಂಡಿರುತ್ತದೆ. ಮರುಶಸ್ತ್ರಕ್ರಿಯೆ ಯಾಕಷ್ಟು ಕಷ್ಟ ಅನ್ನುವುದಕ್ಕೆ ಉತ್ತರ ಈ ಎರಡನೇ ಉಂಗುರದಲ್ಲಿದೆ. ನನಗಂತೂ ಇಡೀ ಕಥೆಯಲ್ಲಿ ರುಚಿಯಾದ ಭಾಗ ಇದೇ.

ಹೊಸದಾಗಿ ಬ್ಯಾಂಡ್ ಹಾಕಿಸಿಕೊಳ್ಳುವವರು ಈಗ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲರೂ ಜಠರದ ಬಹುಭಾಗ ಕತ್ತರಿಸಿ ತೆಗೆಯುವ ಸ್ಲೀವ್ ಅಥವಾ ಕರುಳಿನ ದಾರಿ ಬದಲಿಸುವ ಬೈಪಾಸ್ ಕಡೆ ಹೋಗಿದ್ದಾರೆ. ಆದರೆ 2000ದ ದಶಕದಲ್ಲಿ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಹಾಕಿಸಿಕೊಂಡವರು, ದುಬೈ, ಆಸ್ಟ್ರೇಲಿಯಾಗಳಲ್ಲಿ ದುಡಿಯುತ್ತಿದ್ದಾಗ ಹಾಕಿಸಿಕೊಂಡು ಈಗ ಮೈಸೂರಿನ ಕುವೆಂಪುನಗರದಲ್ಲಿ ಮನೆ ಕಟ್ಟಿಸಿ ನೆಲೆಸಿದವರು ಇರುತ್ತಾರೆ. ಆಪರೇಷನ್ ಮಾಡಿದ ಡಾಕ್ಟರು ಎಲ್ಲೋ, ಹೊಟ್ಟೆನೋವು ಬಂದಾಗ ನೋಡುವ ಡಾಕ್ಟರು ಇನ್ನೆಲ್ಲೋ. ಹಳೆಯ ಬ್ಯಾಂಡಿನ ತೊಂದರೆ ಶುರುವಾಗುವುದೇ ಇಲ್ಲಿಂದ.

ಈ ಸಾಧನ ಹುಟ್ಟಿದ್ದು ವಲಸೆ ಹೋದವರ ಕೈಯಲ್ಲಿ. ಸಲೈನ್ ತುಂಬಿ ಬಿಗಿ ಮಾಡಬಲ್ಲ ಸಿಲಿಕೋನ್ ಬ್ಯಾಂಡನ್ನು 1986ರಲ್ಲಿ ಅಮೆರಿಕದಲ್ಲಿ ಬಳಕೆಗೆ ತಂದ ಲುಬೊಮಿರ್ ಕುಜ್ಮಾಕ್ ಉಕ್ರೇನ್ ಮೂಲದವರು. ದುರ್ಬೀನಿನ ಮೂಲಕ ಸಣ್ಣ ರಂಧ್ರಗಳಲ್ಲೇ ಅದನ್ನು ತೊಡಿಸಬಹುದು ಎಂದು 1993ರಲ್ಲಿ ಬೆಲ್ಜಿಯಂನಲ್ಲಿ ತೋರಿಸಿದ ಮಿಟಿಕು ಬೆಲಾಚ್ಯೂ ಇಥಿಯೋಪಿಯಾದಲ್ಲಿ ಹುಟ್ಟಿದವರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟದ್ದು 2001ರಲ್ಲಿ. ಮುಂದಿನ ಹತ್ತು ವರ್ಷ ಬ್ಯಾಂಡಿನದೇ ಕಾಲ.

ಬ್ಯಾಂಡ್ ಕೆಲಸ ಮಾಡುವ ರೀತಿಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಉಂಗುರದ ಮೇಲೆ 15ರಿಂದ 20 ಮಿಲಿ ಹಿಡಿಯುವ ಪುಟ್ಟ ಚೀಲ ಆಗುತ್ತದೆ, ಅದು ತುಂಬಿದರೆ ಊಟ ಸಾಕು, ಇಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಸರಿಯಾಗಿ ಬಿಗಿ ಮಾಡಿದ ಬ್ಯಾಂಡಿನ ಮೇಲೆ ಊಟ ತಂಗುವುದೇ ಇಲ್ಲ. ಅನ್ನನಾಳ ನಾಲ್ಕೈದು ಸಲ ಹಿಂಡಿ ಒಂದೊಂದು ತುತ್ತನ್ನೂ ಕೆಳಗೆ ದಾಟಿಸುತ್ತದೆ. ಆ ಒಂದೊಂದು ಹಿಂಡುವಿಕೆಯ ಒತ್ತಡವನ್ನೂ ಜಠರದ ಗೋಡೆಯಲ್ಲಿರುವ ನರದ ತುದಿಗಳು ವೇಗಸ್ ನರದ ಮೂಲಕ ಮೆದುಳಿಗೆ ತಿಳಿಸುತ್ತವೆ. ಹಸಿವು ತಗ್ಗುವುದು ಈ ಸುದ್ದಿಯಿಂದ. ಇದಕ್ಕೆ ಬೇಕಾದ ಒತ್ತಡ ಸುಮಾರು 25ರಿಂದ 30 ಮಿಲಿಮೀಟರ್ ಪಾದರಸ. ಅರ್ಧ ಮಿಲಿ ಸಲೈನ್ ಹೆಚ್ಚಾದರೂ ಲೆಕ್ಕ ತಪ್ಪಬಹುದು. ಆಗ ತುತ್ತು ಇಳಿಯುವುದಿಲ್ಲ, ರಾತ್ರಿ ಮಲಗಿದಾಗ ಕೆಮ್ಮು, ಎದೆಯುರಿ, ದಿಂಬಿನ ಮೇಲೆ ಹುಳಿ ನೀರು. ಮನೆಯವರು ಗ್ಯಾಸ್ಟ್ರಿಕ್ ಅಂತ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದುಕೊಡುತ್ತಾರೆ. ಆ ಮಾತ್ರೆ ಹುಳಿಯನ್ನು ಕಡಿಮೆ ಮಾಡೀತು, ಬಿಗಿಯನ್ನಲ್ಲ.

ತುತ್ತನ್ನು ನುಣ್ಣಗಾಗುವ ತನಕ ಅಗಿಯಬೇಕು ಅನ್ನುವುದು ಬ್ಯಾಂಡಿನವರ ಮೊದಲ ಪಾಠ. ಮಂಡ್ಯ ಸೀಮೆಯಲ್ಲಿ ಇದನ್ನು ಹೇಳಿ ನೋಡಿ. ರಾಗಿಮುದ್ದೆಯ ತುತ್ತು ಮುರಿದು, ಬಸ್ಸಾರಿನಲ್ಲಿ ಅದ್ದಿ, ಹಲ್ಲಿಗೆ ತಾಗಿಸದೆ ನುಂಗುವುದೇ ಅಲ್ಲಿನ ಕ್ರಮ. ಬೀಗರ ಊಟದ ಪಂಕ್ತಿಯಲ್ಲಿ ಒಬ್ಬ ಹೆಣ್ಣುಮಗಳು ಮುದ್ದೆಯನ್ನು ಅಗಿಯುತ್ತಾ ಕೂತರೆ ಪಕ್ಕದವರು ಸುಮ್ಮನಿರುತ್ತಾರೆಯೇ? "ಇದೇನವ್ವ, ಮುದ್ದೆನ ಯಾರಾರ ಅಗೀತಾರಾ? ನುಂಗು." ಸಂಕೋಚಕ್ಕೆ ಒಂದು ತುತ್ತು ನುಂಗಿದ್ದಾಯಿತು. ಮರುಕ್ಷಣವೇ ಎದೆಮೂಳೆಯ ಹಿಂದೆ ಹಿಡಿದಂತಾಗಿ, "ಇಳೀತಿಲ್ಲ ಕಣಕ್ಕ, ಇಲ್ಲೇ ನಿಂತ್ಕತು" ಎಂದು ಎದ್ದು ಹಿತ್ತಲಿಗೆ ಓಟ. ಬಾಯಿಂದ ಬರುವುದು ನೊರೆನೊರೆಯಾದ ಎಂಜಲು, ಆಮೇಲೆ ಹಾಗೇ ಗುಂಡಗಿರುವ ಮುದ್ದೆ. ಜಠರ ತಲುಪದ್ದು ಹಿಂದಿರುಗಿ ಬಂದಿದೆ, ಅಷ್ಟೇ. ಆದರೆ ಇಂಥದ್ದು ಪದೇ ಪದೇ ಆದರೆ ಬ್ಯಾಂಡಿನ ಮೇಲಿನ ಭಾಗ ಹಿಗ್ಗುತ್ತದೆ, ಕೆಳಗಿನ ಜಠರ ಉಂಗುರದೊಳಗಿಂದ ಮೇಲಕ್ಕೆ ಜಾರುವ ಸಾಧ್ಯತೆಯೂ ಹೆಚ್ಚುತ್ತದೆ. ಅತ್ತ ಕಬ್ಬಿನ ಹಾಲು, ಪಾಯಸ, ಐಸ್‌ಕ್ರೀಮು ಯಾವ ತಡೆಯೂ ಇಲ್ಲದೆ ಸಲೀಸಾಗಿ ಇಳಿಯುತ್ತವೆ. ಮುದ್ದೆ ಬಿಟ್ಟು ಕಬ್ಬಿನ ಹಾಲು ಕುಡಿದು ತೂಕ ಏರಿಸಿಕೊಂಡವರನ್ನು "ನಾಲಿಗೆ ಚಪಲ" ಎಂದು ಬಯ್ಯುವುದು ಸುಲಭ. ಉಂಗುರ ಅತಿ ಬಿಗಿಯಾದಾಗ ಅದೇ ಅವರನ್ನು ಆ ಕಡೆ ತಳ್ಳಿರುತ್ತದೆ.

ನನಗೆ ತಾಳ್ಮೆ ತಪ್ಪುವುದು ಇದಾದ ಮೇಲೆ. ಊಟಕ್ಕೆ ಕೂತಾಗಲೇ ವಾಂತಿ ಆಯಿತಲ್ಲ, ಎಲ್ಲರ ಕಣ್ಣು ಬಿದ್ದಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಹಾಕಲಿ. ಅದರಿಂದ ಘಾಟು ಬಿಟ್ಟರೆ ಬೇರೆ ಕೇಡಿಲ್ಲ. ಆದರೆ ಜಾರಿದ ಜಠರ ಉಂಗುರದಲ್ಲಿ ಸಿಕ್ಕಿಕೊಂಡು ರಕ್ತ ಸಂಚಾರ ನಿಂತರೆ ಆ ಭಾಗ ಕೊಳೆಯಲು ಕೆಲವು ಗಂಟೆ ಸಾಕು. ಮೇಲ್ಹೊಟ್ಟೆಯಲ್ಲಿ ಬಿಡದ ನೋವು, ಎಂಜಲೂ ನುಂಗಲಾಗದ ಸ್ಥಿತಿ, ಏರಿದ ನಾಡಿಬಡಿತ ಇವು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಮೊದಲು ಆಗಬೇಕಾದದ್ದು ಬ್ಯಾಂಡಿನ ಸಲೈನನ್ನು ಪೂರ್ತಿ ಹೊರಗೆಳೆಯುವುದು. ಸಲೈನ್ ತುಂಬಲು, ತೆಗೆಯಲು ಬ್ಯಾಂಡಿಗೆ ಕೊಳವೆಯಿಂದ ಜೋಡಿಸಿದ ನಾಣ್ಯದಗಲದ ಪೋರ್ಟು ಹೊಟ್ಟೆಯ ಚರ್ಮದಡಿ ಕೈಗೆ ಸಿಗುತ್ತದೆ. ಅದಕ್ಕೆ ಚುಚ್ಚಲು ಹ್ಯೂಬರ್ ಎಂಬ ವಿಶೇಷ ಸೂಜಿ ಇದೆ. ಮಾಮೂಲಿ ಸೂಜಿ ಪೋರ್ಟಿನ ರಬ್ಬರಿನ ತುಣುಕು ಕಿತ್ತು ಸೋರಿಕೆ ಮಾಡಬಹುದು, ಇದು ಅದನ್ನು ತಪ್ಪಿಸುತ್ತದೆ. ಆದರೆ ಪ್ರಾಣಕ್ಕೆ ಕುತ್ತು ಬಂದಾಗ ಪೋರ್ಟಿನ ಚಿಂತೆ ಮಾಡಬಾರದು, ಸಿಕ್ಕಿದ ತೆಳು ಸೂಜಿಯಲ್ಲೇ ತೆಗೆಯಬಹುದು. ತೆಗೆದ ಮೇಲೂ ನೋವು ಇಳಿಯದಿದ್ದರೆ ಆಪರೇಷನ್ನೇ ದಾರಿ. ಬ್ಯಾಂಡಿನ ಮಾದರಿ, ಎಷ್ಟು ಮಿಲಿ ತುಂಬಿದೆ ಅನ್ನುವುದನ್ನು ಬರೆದ ಚೀಟಿ ಪರ್ಸಿನಲ್ಲಿದ್ದರೆ ಒಳ್ಳೆಯದು.

ಎಕ್ಸ್‌ರೇಯಲ್ಲೂ ಜಾರಿಕೆ ಚೆನ್ನಾಗಿ ಕಾಣುತ್ತದೆ. ಸರಿಯಾದ ಜಾಗದಲ್ಲಿರುವ ಬ್ಯಾಂಡ್ ಎದುರಿನಿಂದ ತೆಗೆದ ಫಿಲಮ್ಮಿನಲ್ಲಿ ಓರೆಯಾದ ದಪ್ಪ ಗೆರೆಯ ಹಾಗಿರುತ್ತದೆ, ಬೆನ್ನುಮೂಳೆಯೊಂದಿಗೆ 4ರಿಂದ 58 ಡಿಗ್ರಿ ಕೋನದಲ್ಲಿ. ಜಾರಿದರೆ ಅದು ಮಗುಚಿ ದುಂಡಗೆ ಸೊನ್ನೆಯಂತೆ ಕಾಣುತ್ತದೆ.

ವಾರಗಟ್ಟಲೆ ವಾಂತಿ ಆಗಿ ಸುಸ್ತಾದಾಗ ನಮ್ಮ ಕಡೆ ಹೇಳುವ ಮದ್ದು ಒಂದೇ, "ಒಂದು ಗ್ಲೂಕೋಸ್ ಬಾಟ್ಲಿ ಹಾಕ್ಸಿ." ಇಲ್ಲಿ ಅದು ಅಪಾಯ. ಥಯಾಮಿನ್, ಅಂದರೆ ಬಿ-1 ಜೀವಸತ್ವ, ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟು ಮಾತ್ರ ಸಂಗ್ರಹವಿರುತ್ತದೆ. ಅದು ಖಾಲಿಯಾದ ಹೊತ್ತಿನಲ್ಲಿ ಗ್ಲೂಕೋಸ್ ಏರಿಸಿದರೆ, ಗ್ಲೂಕೋಸನ್ನು ಉರಿಸಲು ಉಳಿದ ಚೂರುಪಾರು ಥಯಾಮಿನ್ ಕೂಡ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣು ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಗೊಂದಲ ಇವು ಅದರ ಲಕ್ಷಣ. ಮೊದಲು ಥಯಾಮಿನ್ ಚುಚ್ಚುಮದ್ದು, ಆಮೇಲೆ ಗ್ಲೂಕೋಸ್.

ಈಗ ಎರಡನೇ ಉಂಗುರಕ್ಕೆ ಬರೋಣ. ಅದರ ಕಥೆ ಸಿಲಿಕೋನಿಗಿಂತ ಹಳೆಯದು. 1882ರಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ, ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ, ಇಲ್ಯಾ ಮೆಚ್ನಿಕಾಫ್ ಎಂಬ ರಷ್ಯದ ಪ್ರಾಣಿವಿಜ್ಞಾನಿ ಸೂಕ್ಷ್ಮದರ್ಶಕದ ಮುಂದೆ ಒಬ್ಬನೇ ಕೂತಿದ್ದ. ಅದರಡಿಯಲ್ಲಿ ನಕ್ಷತ್ರಮೀನಿನ ಲಾರ್ವಾ, ಗಾಜಿನಷ್ಟು ಪಾರದರ್ಶಕ. ಒಳಗೆ ಕೆಲವು ಜೀವಕೋಶಗಳು ಅಲೆದಾಡುವುದು ಕಾಣುತ್ತಿತ್ತು. ಹೊರಗಿನ ವಸ್ತು ಒಳಗೆ ಬಂದರೆ ಇವು ಅದನ್ನು ಮುತ್ತಬೇಕಲ್ಲವೇ ಅನ್ನುವ ಯೋಚನೆ ಹೊಳೆಯಿತು. ತೋಟಕ್ಕೆ ಹೋಗಿ ಗುಲಾಬಿ ಮುಳ್ಳು ಕಿತ್ತು ತಂದು ಲಾರ್ವಾಗಳಿಗೆ ಚುಚ್ಚಿದ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳ ಜಾತ್ರೆ. 1908ರ ನೊಬೆಲ್‌ನಲ್ಲಿ ಅವನಿಗೂ ಪಾಲು ಸಿಕ್ಕಿತು.

ಮುಳ್ಳಿನ ಜಾಗದಲ್ಲಿ ಬ್ಯಾಂಡ್ ಇಟ್ಟುಕೊಳ್ಳಿ. ಮೈಯೊಳಗೆ ಹೋದ ಕೂಡಲೇ ರಕ್ತದ ಪ್ರೋಟೀನುಗಳು ಅದರ ಮೈಗೆ ಅಂಟುತ್ತವೆ. ಆ ಅಂಟಿನ ಜಾಡು ಹಿಡಿದು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಬರುತ್ತವೆ. ಬ್ಯಾಕ್ಟೀರಿಯಾ ಆಗಿದ್ದರೆ ಒಂದೇ ಗುಟುಕಿಗೆ ಮುಗಿಸಿಬಿಡುತ್ತಿದ್ದವು. ಇದು ಬೆರಳಗಲದ ಸಿಲಿಕೋನ್ ಪಟ್ಟಿ. ಒಂದೊಂದೇ ಕೋಶಕ್ಕೆ ಆಗದು ಎಂದಾಗ ಹತ್ತಾರು ಕೋಶಗಳು ಒಂದಕ್ಕೊಂದು ಬೆಸೆದು ಹಲವು ನ್ಯೂಕ್ಲಿಯಸ್‌ಗಳಿರುವ ದೈತ್ಯಕೋಶಗಳಾಗುತ್ತವೆ. ಅದಕ್ಕೂ ಬಗ್ಗದು. ಕೊನೆಗೆ ಈ ಕೋಶಗಳು ಕಳಿಸುವ ರಾಸಾಯನಿಕ ಸಂದೇಶಕ್ಕೆ ಗಾಯ ಮುಚ್ಚುವ ಫೈಬ್ರೋಬ್ಲಾಸ್ಟ್ ಕೋಶಗಳು ಬಂದು ಕೊಲಾಜೆನ್ ಎಂಬ ಗಟ್ಟಿ ನಾರಿನ ಪ್ರೋಟೀನು ನೇಯಲು ಕೂರುತ್ತವೆ. ಕೆಲವೇ ವಾರಗಳಲ್ಲಿ ಬ್ಯಾಂಡಿನ ಸುತ್ತ ಬಿಳಿಯ, ಗಟ್ಟಿ ಪೊರೆ ಸಿದ್ಧ. ತಿನ್ನಲಾಗದ್ದನ್ನು ಬೇಲಿ ಹಾಕಿ ಬೇರೆ ಇಡುವುದು ದೇಹದ ನೀತಿ. ಪೇಸ್‌ಮೇಕರ್ ಸುತ್ತಲೂ ಇದೇ ಪೊರೆ ಇರುತ್ತದೆ, ಅಲ್ಲಿ ಯಾರಿಗೂ ತೊಂದರೆಯಿಲ್ಲ. ಇಲ್ಲಿ ಒಳಗಿರುವುದು ದಿನವಿಡೀ ಹಿಗ್ಗಿ ಕುಗ್ಗುವ ಜಠರ. ಸಾಲದ್ದಕ್ಕೆ ಬ್ಯಾಂಡ್ ಜಾರದಿರಲಿ ಎಂದು ಸರ್ಜನ್ ಜಠರದ ಮಡಿಕೆಯನ್ನೇ ಅದರ ಮೇಲೆ ಹೊದಿಸಿ ಹೊಲಿಗೆ ಹಾಕಿರುತ್ತಾರೆ. ಅದೂ ಪೊರೆಗೆ ಅಂಟಿಕೊಳ್ಳುತ್ತದೆ.

ಹೊಲದ ಬದುವಿನ ಮರಕ್ಕೆ ಬಿಗಿದ ಮುಳ್ಳುತಂತಿ ವರ್ಷಗಳು ಕಳೆದಂತೆ ತೊಗಟೆಯೊಳಗೆ ಹೂತುಹೋಗಿರುವುದನ್ನು ನೋಡಿರುತ್ತೀರಿ. ಕೆಲವರಲ್ಲಿ ಬ್ಯಾಂಡೂ ಹೀಗೇ ಜಠರದ ಗೋಡೆಯನ್ನು ನಿಧಾನವಾಗಿ ಸವೆಸಿ ಒಳಕ್ಕೆ ಇಳಿಯುತ್ತದೆ. ಜಠರಕ್ಕೆ ತೂತು ಬಿದ್ದರೆ ಹುಳಿಯೆಲ್ಲ ಹೊಟ್ಟೆಯೊಳಗೆ ಚೆಲ್ಲಿ ಪ್ರಾಣಕ್ಕೆ ಬರಬೇಕಿತ್ತು. ಬಹುತೇಕ ಹಾಗಾಗುವುದಿಲ್ಲ. ಒಳಗೋಡೆ ಸವೆಯುವ ಹೊತ್ತಿಗೆ ಹೊರಗೆ ಎರಡನೇ ಉಂಗುರ ಮುಚ್ಚಳ ಹಾಕಿರುತ್ತದೆ. ಹಾಗಾಗಿ ಇದು ಸದ್ದಿಲ್ಲದೆ ನಡೆಯುತ್ತದೆ, ಮೊದಲ ಲಕ್ಷಣವಂತೂ ಮನೆಮಂದಿಗೆ ಸಂತೋಷವನ್ನೇ ಕೊಡುತ್ತದೆ. ಬಿಗಿ ಸಡಿಲವಾಗಿ ಊಟ ಚೆನ್ನಾಗಿ ಸೇರುತ್ತದೆ. ಸಲೈನ್ ತುಂಬಿದರೂ ಬ್ಯಾಂಡ್ ಹಿಡಿಯುವುದಿಲ್ಲ. ಆಮೇಲೆ ಪೋರ್ಟಿನ ಜಾಗ ಕೆಂಪಾಗಿ ಕೀವು ಬರುತ್ತದೆ. ಆಪರೇಷನ್ ಆಗಿ ಎಷ್ಟೋ ಕಾಲದ ಮೇಲೆ ಹೀಗಾದರೆ ಅದು ಬರೀ ಚರ್ಮದ ಸೋಂಕು ಎಂದು ಮುಲಾಮು ಹಚ್ಚಿ ಕೂರಬಾರದು. ಜಠರದ ಬ್ಯಾಕ್ಟೀರಿಯಾ ಕೊಳವೆಯ ಗುಂಟ ಚರ್ಮದವರೆಗೂ ಬಂದಿರಬಹುದು. ಎಂಡೋಸ್ಕೋಪಿ ಮಾಡಿ ಕ್ಯಾಮೆರಾವನ್ನು ಹಿಂದಕ್ಕೆ ತಿರುಗಿಸಿ ನೋಡಿದರೆ ಗುಲಾಬಿ ಬಣ್ಣದ ಗೋಡೆಯಿಂದ ಇಣುಕುವ, ಪಿತ್ತದಿಂದ ಹಳದಿಗಟ್ಟಿದ ಸಿಲಿಕೋನ್ ಕಾಣುತ್ತದೆ. ಸಾಕಷ್ಟು ಒಳಗೆ ಬಂದಿದ್ದರೆ ಅದನ್ನು ಬಾಯಿಯ ಮೂಲಕವೇ ಕತ್ತರಿಸಿ ತೆಗೆಯಬಹುದು.

ಇದು ಎಷ್ಟು ಜನರಿಗೆ ಆಗುತ್ತದೆ? ಎರಡು ಅಧ್ಯಯನಗಳು ಎರಡು ಉತ್ತರ ಕೊಡುತ್ತವೆ. ಬ್ರಸೆಲ್ಸ್‌ನಲ್ಲಿ 1994ರಿಂದ 1997ರೊಳಗೆ ಬ್ಯಾಂಡ್ ಹಾಕಿಸಿಕೊಂಡವರಲ್ಲಿ 82 ಮಂದಿಯನ್ನು ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಹಿಂಬಾಲಿಸಿ ನೋಡಿದಾಗ ಶೇ. 28ರಷ್ಟು ಜನರಲ್ಲಿ ಬ್ಯಾಂಡ್ ಒಳಗಿಳಿದಿತ್ತು, ಹೆಚ್ಚುಕಡಿಮೆ ಅರ್ಧದಷ್ಟು ಜನ ಅದನ್ನು ತೆಗೆಸಿದ್ದರು. ಮೆಲ್ಬರ್ನ್‌ನ ಪಾಲ್ ಓಬ್ರಿಯನ್ ತಂಡ 3,227 ಜನರ ಲೆಕ್ಕ ಕೊಟ್ಟಾಗ ಒಳಗಿಳಿದದ್ದು ಶೇ. 3.4. ಇಷ್ಟು ಅಂತರವೇ? ಹಳೆಯ ವಿಧಾನದಲ್ಲಿ ಬ್ಯಾಂಡನ್ನು ಜಠರದ ಗೋಡೆಗೆ ತೀರಾ ಒತ್ತಿ ಹಾಕುತ್ತಿದ್ದರು. ಆಮೇಲೆ ದಾರಿ ಬದಲಿಸಿದರು. ಜೊತೆಗೆ ಮೆಲ್ಬರ್ನಿನವರು ರೋಗಿಗಳನ್ನು ಮತ್ತೆ ಮತ್ತೆ ಕರೆದು ಬಿಗಿ ಸರಿಪಡಿಸುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಇದೇ ದೊಡ್ಡ ವ್ಯತ್ಯಾಸ. ಹಾಕಿಸಿಕೊಂಡು ಊರಿಗೆ ಬಂದು ಮರೆತುಬಿಡುವವರಿಗೆ ಮೆಲ್ಬರ್ನಿನ ಅಂಕಿ ಅನ್ವಯಿಸದು.

ಇನ್ನು ಮರುಶಸ್ತ್ರಕ್ರಿಯೆ. ಬರೀ ತೆಗೆಸಿದರೆ ತೂಕ ಬಹುಪಾಲು ವಾಪಸ್ ಬರುತ್ತದೆ. ಮನಸ್ಸು ಗಟ್ಟಿಯಿಲ್ಲ ಎಂದು ಯಾರನ್ನೂ ದೂರಬೇಕಿಲ್ಲ. ಸ್ಲೀವ್, ಬೈಪಾಸ್‌ಗಳ ಹಾಗೆ ಬ್ಯಾಂಡ್ ಹಸಿವಿನ ಹಾರ್ಮೋನುಗಳನ್ನು ಬದಲಿಸಿದ್ದಲ್ಲ, ಒತ್ತಡ ಹೋದರೆ ಹಸಿವು ಹಿಂದಿರುಗುತ್ತದೆ. ಹಾಗಾಗಿ ಅನೇಕರಿಗೆ ಇನ್ನೊಂದು ಆಪರೇಷನ್ ಸೂಚಿಸುತ್ತಾರೆ. ಎರಡನೇ ಉಂಗುರ ಅಡ್ಡ ಬರುವುದು ಆಗ. ಜಠರ ಕತ್ತರಿಸುವ ಸ್ಟೇಪ್ಲರಿನ ಪಿನ್ನುಗಳು ಮಡಚಿದಾಗ ಒಂದೂವರೆಯಿಂದ ಎರಡು ಮಿಲಿಮೀಟರ್ ಎತ್ತರ ಉಳಿಯುತ್ತವೆ. ಗಾಯದ ಪೊರೆ ಕೂತು ದಪ್ಪಗಾದ ಗೋಡೆಯನ್ನು ಅವು ಸರಿಯಾಗಿ ಹಿಡಿಯದಿದ್ದರೆ ಸೋರಿಕೆ. ಸ್ಲೀವ್ ಮಾಡಿದವರಲ್ಲಿ ಸೋರಿಕೆ ಹೆಚ್ಚಾಗಿ ಕಾಣುವ ಜಾಗವೂ ಅನ್ನನಾಳದ ಪಕ್ಕದ ಮೇಲ್ತುದಿಯೇ, ಬ್ಯಾಂಡ್ ಇದ್ದದ್ದೂ ಅಲ್ಲೇ. ಅದಕ್ಕೇ ಒಳ್ಳೆಯ ಸರ್ಜನ್ ಬ್ಯಾಂಡ್ ತೆಗೆದು ಸುಮ್ಮನಾಗುವುದಿಲ್ಲ. ಪೊರೆಯನ್ನು ಸೀಳಿ, ಹಳೆಯ ಹೊಲಿಗೆ ಬಿಚ್ಚಿ, ಮಡಿಕೆಯನ್ನು ಬಿಡಿಸಿ ಜಠರವನ್ನು ಅದರ ಆಕಾರಕ್ಕೆ ತರುತ್ತಾರೆ.

ತೆಗೆಯುವುದು, ಹೊಸದು ಮಾಡುವುದು ಎರಡೂ ಒಂದೇ ದಿನ ಆಗಬಹುದೇ? ತೂಕ ಇಳಿಯದಿರುವುದೊಂದೇ ಕಾರಣವಾಗಿ, ಒಳಗೆ ಎಲ್ಲ ಸ್ವಚ್ಛವಾಗಿದ್ದರೆ ಕೆಲವು ಸರ್ಜನ್‌ಗಳು ಮಾಡುತ್ತಾರೆ. ಬ್ಯಾಂಡ್ ಒಳಗಿಳಿದಿದ್ದರೆ, ಸೋಂಕಿದ್ದರೆ ಸಾಮಾನ್ಯವಾಗಿ ಎರಡು ಹಂತ, ನಡುವೆ ಕನಿಷ್ಠ ಮೂರು ತಿಂಗಳು. ಆ ಮೂರು ತಿಂಗಳಲ್ಲಿ ತೂಕ ಏರುವುದನ್ನು ನೋಡಿ ಗಾಬರಿಯಾಗಿ ಅವಸರ ಮಾಡುವುದು ಬೇಡ. ಗೋಡೆ ಮೆತ್ತಗಾಗಲು ಅಷ್ಟು ಸಮಯ ಬೇಕು.

ಮುಂದಿನದು ಸ್ಲೀವೋ ಬೈಪಾಸೋ ಅನ್ನುವುದನ್ನು ಅನ್ನನಾಳವನ್ನು ನೋಡಿಯೇ ತೀರ್ಮಾನಿಸಬೇಕು. ವರ್ಷಗಟ್ಟಲೆ ಬಿಗಿ ಉಂಗುರದ ವಿರುದ್ಧ ಹಿಂಡಿ ಹಿಂಡಿ ಅದು ಸೋತು ಹಿಗ್ಗಿರಬಹುದು. ಸಲೈನ್ ತೆಗೆದ ಮೇಲೆ ಬಹಳಷ್ಟು ಜನರಲ್ಲಿ ಮತ್ತೆ ಸರಿಹೋಗುತ್ತದೆ, ಎಲ್ಲರಲ್ಲೂ ಅಲ್ಲ. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ, ಎಂಡೋಸ್ಕೋಪಿ, ಅನ್ನನಾಳದ ಒತ್ತಡ ಅಳೆಯುವ ಮ್ಯಾನೋಮೆಟ್ರಿ ಇವುಗಳಿಂದ ಇದು ಗೊತ್ತಾಗುತ್ತದೆ. ಎದೆಯುರಿ ಜೋರಾಗಿದ್ದವರಿಗೆ ಸ್ಲೀವ್ ಅದನ್ನು ಇನ್ನೂ ಹೆಚ್ಚಿಸಬಹುದು, ಅವರಿಗೆ ಬೈಪಾಸ್ ಮೇಲು. ಬೈಪಾಸ್ ಮಾಡಿಸಿಕೊಂಡವರು ಬಿ-12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು, ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಬೇಕು. ಆ ಪರೀಕ್ಷೆಗಳು ಮೈಸೂರಿನಲ್ಲೇ ಆಗುತ್ತವೆ, ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ.