ಬಳ್ಳಾರಿ ಬಿಸಿಲಲ್ಲಿ ಹಾರ್ವರ್ಡ್: ಸಿಮ್ಯುಲೇಟರ್ ಕಲಿಯುವವರಿಗೆ ಟಿಪ್ಪಣಿ

ಹಾರ್ವರ್ಡ್ ಎಂದರೆ ನಾರ್ತ್ ಅಮೆರಿಕನ್ ಕಂಪನಿಯ ಟಿ-6 ಟೆಕ್ಸನ್. ನಮ್ಮ ವಾಯುಪಡೆಯೂ ದಶಕಗಳ ಕಾಲ ತರಬೇತಿಗೆ ಬಳಸಿದ ವಿಮಾನ. 9 ಸಿಲಿಂಡರಿನ ವಾಸ್ಪ್ ಎಂಜಿನ್, 600 ಅಶ್ವಶಕ್ತಿ. ಗಾಳಿಯಲ್ಲಿ ಮಾತು ಕೇಳುತ್ತದೆ, ತಕರಾರೆಲ್ಲ ನೆಲದ ಮೇಲೆ.

ರಡರ್ ಎಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಅದನ್ನು ತಾನೇ ನಡೆಸುವ ಆಟೋ ರಡರ್, ಟೇಕಾಫ್ ಅಸಿಸ್ಟ್ ಎರಡನ್ನೂ ಆಫ್ ಮಾಡಿ. ಅವು ಇದ್ದರೆ ಕಲಿಯಬೇಕಾದದ್ದೇ ಮರೆಯಾಗುತ್ತದೆ. ಪೆಡಲ್ ಇಲ್ಲದೆ ತಿರುಚುವ ಜಾಯ್‌ಸ್ಟಿಕ್ ಬಳಸುವವರು ರಡರ್ ಕರ್ವ್‌ನ (ಕೈ ಎಷ್ಟು ತಿರುಚಿದರೆ ರಡರ್ ಎಷ್ಟು ತಿರುಗಬೇಕೆಂಬ ಸೆಟ್ಟಿಂಗ್) ನಡುಭಾಗ ಮೆತ್ತಗಿಡಿ. ಡೆಡ್ ಝೋನ್ (ಸ್ಟಿಕ್ ಅಲುಗಿದರೂ ಪರಿಣಾಮವಿಲ್ಲದ ನಡುವಿನ ಜಾಗ) ಮಾತ್ರ ಹೆಚ್ಚು ಬೇಡ, ಸಣ್ಣ ತಿದ್ದುಪಡಿ ಅದರಲ್ಲೇ ನುಂಗಿಹೋಗುತ್ತದೆ.

ಇದು ಬಾಲಚಕ್ರದ ವಿಮಾನ. ಭಾರದ ಕೇಂದ್ರ ಮುಂದಿನ ಚಕ್ರಗಳಿಗಿಂತ ಹಿಂದಿದೆ. ಮೂತಿ ಸ್ವಲ್ಪ ಓರೆಯಾದರೂ ಹಿಂದಿನ ಭಾರ ಆ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ, ಕೊನೆಗೆ ವಿಮಾನ ಗಿರ್ರೆಂದು ತಿರುಗಿಬಿಡುತ್ತದೆ. ಇದೇ ಗ್ರೌಂಡ್ ಲೂಪ್. ಸ್ಟಿಕ್ ಹಿಂದಕ್ಕೆ ಎಳೆದಿದ್ದರೆ ಬಾಲಚಕ್ರ ರಡರ್ ಜೊತೆ ಎರಡೂ ಕಡೆ ಸುಮಾರು 15 ಡಿಗ್ರಿ ತಿರುಗುತ್ತದೆ. ಪೂರ್ತಿ ಮುಂದಕ್ಕೆ ಒತ್ತಿದರೆ ಲಾಕ್ ಬಿಟ್ಟು ಸುತ್ತಲೂ ತಿರುಗುತ್ತದೆ. ಲಾಕ್ ಬಿಟ್ಟದ್ದನ್ನು ಮರೆತು ಥ್ರಾಟಲ್ (ಎಂಜಿನ್ನಿಗೆ ಶಕ್ತಿ) ಕೊಡುವುದೇ ಹೊಸಬರ ಮಾಮೂಲಿ ಎಡವಟ್ಟು.

ಟೇಕಾಫ್‌ಗೆ ಥ್ರಾಟಲ್ ನಿಧಾನವಾಗಿ 36 ಇಂಚಿಗೆ (ಎಂಜಿನ್ನಿನೊಳಗೆ ಹೋಗುವ ಗಾಳಿಯ ಒತ್ತಡದ ಅಳತೆ), 2250 ಆರ್‌ಪಿಎಂ. ಮೂತಿ ಎಡಕ್ಕೆ ಎಳೆಯುತ್ತದೆ, ಬಲ ರಡರ್ ಕೊಡಿ. ಬಾಲ ಎತ್ತುವ ಕ್ಷಣ ಪ್ರೊಪೆಲ್ಲರಿನ ಗೈರೋ ಪರಿಣಾಮದಿಂದ ಇನ್ನೊಮ್ಮೆ ಎಡಕ್ಕೆ ಜಗ್ಗುತ್ತದೆ. ಬಾಲ ತಾನಾಗಿ ಹಗುರಾಗಲು ಬಿಡಿ, ಒತ್ತಿ ಎತ್ತಬೇಡಿ. ಮುಂಗಾರಿನಲ್ಲಿ ನಮ್ಮ ಕಡೆ ಪಶ್ಚಿಮದ ಗಾಳಿ ಜೋರು. ವಾಯವ್ಯಕ್ಕೆ ಮುಖ ಮಾಡಿ ಓಡಿದರೆ ಅದು ಎಡಗಡೆಯಿಂದ ಬಡಿದು, ಮೂತಿಯನ್ನು ಎಂಜಿನ್ ಎಳೆಯುವ ದಿಕ್ಕಿಗೇ ತಳ್ಳುತ್ತದೆ. ಗಾಳಿ ರನ್‌ವೇಗೆ 50 ಡಿಗ್ರಿ ಓರೆಯಾಗಿ 15 ನಾಟ್ ಬೀಸಿದರೆ ಅಡ್ಡಗಾಳಿ ಹನ್ನೊಂದೂವರೆ ನಾಟ್. ಕಲಿಯುವ ಹಂತದಲ್ಲಿ ಅಷ್ಟು ಬೇಡವೇ ಬೇಡ.

ಹವಾಮಾನವನ್ನು ಡಿಫಾಲ್ಟ್‌ನಲ್ಲಿ ಬಿಡಬೇಡಿ. ಬಳ್ಳಾರಿ ಸುಮಾರು 1,600 ಅಡಿ ಎತ್ತರದಲ್ಲಿದೆ, ಅಲ್ಲಿನ ಪ್ರಮಾಣಿತ ಉಷ್ಣತೆ (ಆ ಎತ್ತರಕ್ಕೆ ವಿಮಾನದ ಲೆಕ್ಕದಲ್ಲಿ ಹಿಡಿಯುವ ಉಷ್ಣತೆ) ಸುಮಾರು 12 ಡಿಗ್ರಿ. ಏಪ್ರಿಲ್ ಮಧ್ಯಾಹ್ನದ 40 ಹಾಕಿ ನೋಡಿ: 28 ಡಿಗ್ರಿ ಹೆಚ್ಚು, ಡಿಗ್ರಿಗೆ 120 ಅಡಿಯಂತೆ 3,360. ಅದನ್ನು 1,600ಕ್ಕೆ ಕೂಡಿಸಿ. ಬಿಸಿ ಗಾಳಿ ತೆಳು, ಅಂದರೆ ವಿಮಾನದ ಮಟ್ಟಿಗೆ ನೀವು ಸುಮಾರು 5,000 ಅಡಿ ಮೇಲಿದ್ದೀರಿ. ಮೀಟರ್ 90 ಮೈಲಿ ತೋರಿಸುವಾಗ ನಿಜವಾದ ವೇಗ 97ರ ಹತ್ತಿರ. ರನ್‌ವೇ ಬೇಗ ಮುಗಿಯುತ್ತದೆ. ಆದರೂ ಮೀಟರಿನ ವೇಗವನ್ನೇ ನಂಬಿ ಇಳಿಯಿರಿ, ನೆಲ ವೇಗವಾಗಿ ಓಡಿದಂತೆ ಕಂಡಿತೆಂದು ಮೂತಿ ಎತ್ತಿದರೆ ಸ್ಟಾಲ್, ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳುತ್ತದೆ.

ನಿಷ್ಠೆಯಿಂದ ಮಾಡಿದ ಮಾದರಿಗಳಲ್ಲಿ ಗೇರ್ (ಚಕ್ರಗಳನ್ನು ಎತ್ತಿಳಿಸುವ) ಲಿವರ್ ಒಂದೇ ಸಾಲದು. ಹೈಡ್ರಾಲಿಕ್ ಪವರ್ ಗುಂಡಿಯನ್ನು ಮೊದಲು ಒತ್ತಬೇಕು. ಅದರ ಒತ್ತಡ ಸ್ವಲ್ಪ ಹೊತ್ತು ಮಾತ್ರ ಉಳಿಯುತ್ತದೆ. ಫ್ಲಾಪ್‌ಗೂ (ರೆಕ್ಕೆಯ ಹಿಂಬದಿಯಲ್ಲಿ ಇಳಿಬಿಡುವ ಫಲಕ) ಇದೇ ಕ್ರಮ, ತಡವಾದರೆ ಮತ್ತೆ ಒತ್ತಿ.