ಮೈಕ್ರೋಸಾಫ್ಟ್‌ಗೆ ಲಿನಕ್ಸ್ ಮೇಲೆ ಪ್ರೀತಿ ಹುಟ್ಟಿದ್ದು ಹೇಗೆ?

2014ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯೊಂದರಲ್ಲಿ ಮೈಕ್ರೋಸಾಫ್ಟ್ ಸಿಇಒ ಸತ್ಯ ನಾದೆಲ್ಲಾ ಒಂದು ಸ್ಲೈಡ್ ತೋರಿಸಿದರು. ಮೈಕ್ರೋಸಾಫ್ಟ್‌ಗೆ ಲಿನಕ್ಸ್ ಅಂದರೆ ಪ್ರೀತಿ ಅನ್ನೋದು ಅದರ ಸಾರ. ಲಿನಕ್ಸ್ ಕೂಡ ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಂ, ಆದರೆ ಓಪನ್ ಸೋರ್ಸ್. ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಅದೇ ತಿಂಗಳು ಇನ್ನೊಂದು ಸಂಗತಿ ಹೊರಬಿತ್ತು. ಆಂಡ್ರಾಯ್ಡ್ ನಿಂತಿರೋದೇ ಲಿನಕ್ಸ್‌ನ ಕರ್ನಲ್, ಅಂದರೆ ಅದರ ತಿರುಳಿನ ಮೇಲೆ. ಆ ಫೋನ್‌ಗಳನ್ನು ಮಾರಿದ್ದಕ್ಕೆ ಸ್ಯಾಮ್‌ಸಂಗ್ ಒಂದೇ ವರ್ಷದಲ್ಲಿ ಮೈಕ್ರೋಸಾಫ್ಟ್‌ಗೆ 100 ಕೋಟಿ ಡಾಲರ್‌ಗೂ ಜಾಸ್ತಿ ಪೇಟೆಂಟ್ ಶುಲ್ಕ ಕಟ್ಟಿತ್ತು ಅಂತ ಕೋರ್ಟ್ ದಾಖಲೆಯಲ್ಲಿ ಬಂತು. ಒಂದು ಕೈಯಲ್ಲಿ ಹೂವು, ಇನ್ನೊಂದು ಕೈಯಲ್ಲಿ ರಸೀದಿ ಪುಸ್ತಕ.

ಈ ಜಗಳ ಹಳೆಯದು. 1998ರಲ್ಲಿ ಕಂಪನಿಯ ಒಳಗಿನ ಕೆಲವು ಟಿಪ್ಪಣಿಗಳು ಸೋರಿಕೆಯಾದವು. ಹ್ಯಾಲೋವೀನ್ ದಾಖಲೆಗಳು ಅಂತಲೇ ಅವು ಹೆಸರಾಗಿವೆ. ಓಪನ್ ಸೋರ್ಸ್‌ನ ಗುಣಮಟ್ಟ ಕಡಿಮೆಯೇನಲ್ಲ ಅಂತ ಅವುಗಳಲ್ಲಿ ಒಪ್ಪಿಕೊಂಡಿದ್ದರು. ಕಂಪ್ಯೂಟರ್‌ಗಳು ಪರಸ್ಪರ ಮಾತಾಡಲು ಎಲ್ಲರೂ ಬಳಸುವ ಪ್ರೊಟೊಕಾಲ್‌ಗಳಿಗೆ (ನಿಯಮಗಳಿಗೆ) ತಮ್ಮದೇ ಬಾಲ ಅಂಟಿಸಿ ಓಪನ್ ಸೋರ್ಸನ್ನು ಹೊರಗಿಡಬಹುದು ಎಂಬ ಸಲಹೆಯೂ ಇತ್ತು. 2001ರಲ್ಲಿ ಅಂದಿನ ಸಿಇಒ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರ್ ಅಂದರು. 2007ರಲ್ಲಿ, ಲಿನಕ್ಸ್ ಮತ್ತಿತರ ಓಪನ್ ಸೋರ್ಸ್ ತಂತ್ರಾಂಶಗಳು ತಮ್ಮ 235 ಪೇಟೆಂಟ್‌ಗಳನ್ನು ಉಲ್ಲಂಘಿಸಿವೆ ಅಂದಿತು ಕಂಪನಿ. ಯಾವ 235? ಪಟ್ಟಿ ಮಾತ್ರ ಕೊಡಲಿಲ್ಲ. 2009ರಲ್ಲಿ, ಲಿನಕ್ಸ್ ಬಳಸಿ ದಾರಿ ತೋರಿಸುವ ಸಾಧನ ಮಾಡುತ್ತಿದ್ದ ಟಾಮ್‌ಟಾಮ್ ಕಂಪನಿ ಮೇಲೆ ಪೇಟೆಂಟ್ ಕೇಸು ಬಿತ್ತು.

ಒಂದು ವಿಷಯದಲ್ಲಿ ಮಾತ್ರ ಬಾಲ್ಮರ್ ಕಾಲವನ್ನು ಮೆಚ್ಚಬೇಕು. ಬಾಯಿಬಿಟ್ಟು ಬೈದರು, ಹಾಗೇ ನಡೆದುಕೊಂಡರು. ನುಡಿಗೂ ನಡೆಗೂ ಅಂತರವೇ ಇರಲಿಲ್ಲ.

ಆಮೇಲೆ ಬದಲಾಗಿದ್ದು ಮನಸ್ಸಲ್ಲ, ದುಡ್ಡು ಬರುವ ದಾರಿ. ವಿಂಡೋಸ್ ಲೈಸೆನ್ಸ್ ಮಾರುವವರಿಗೆ ಲಿನಕ್ಸ್ ಪ್ರತಿಸ್ಪರ್ಧಿ. ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಕೊಡುವವರಿಗೆ ಅದು ಗಿರಾಕಿ ತರುವ ಸರಕು. ಕಂಪನಿಯ ಕ್ಲೌಡ್ ಸೇವೆಯಾದ ಅಜೂರ್‌ನ ಶೇ 20ರಷ್ಟು ಆಗಲೇ ಲಿನಕ್ಸ್ ಅಂತ ನಾದೆಲ್ಲಾ ಆ ವೇದಿಕೆಯಲ್ಲೇ ಹೇಳಿದ್ದರು. ಪ್ರೀತಿಯ ಗುಟ್ಟು ಅಲ್ಲೇ ಇತ್ತು ಅಲ್ವಾ?

ಹಾಗಂತ ಎಲ್ಲ ಸುಮ್ನೆ ಬಾಯಿಮಾತು ಅನ್ನುವಂತಿಲ್ಲ. ಪ್ರೋಗ್ರಾಂ ಕಟ್ಟಲು ಬಳಸುವ ಡಾಟ್‌ನೆಟ್ ಕೋರ್‌ನ ಕೋಡ್ ಓಪನ್ ಸೋರ್ಸ್ ಆಯಿತು. 2017ರಲ್ಲಿ ಕಂಪನಿಯ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್ ಲಿನಕ್ಸ್‌ಗೂ ಬಂತು. 2018ರಲ್ಲಿ 750 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು, ಡೆವಲಪರ್‌ಗಳು ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣವನ್ನು ಕೊಳ್ಳುವುದಾಗಿ ಘೋಷಿಸಿದರು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ ವರ್ಷದ ಇನ್ನೊಂದು ಹೆಜ್ಜೆ. ಲಿನಕ್ಸ್ ವಿಷಯದಲ್ಲಿ ಒಬ್ಬರ ಮೇಲೊಬ್ಬರು ಪೇಟೆಂಟ್ ಬಳಸುವುದಿಲ್ಲ ಅಂತ ಒಪ್ಪಿಕೊಂಡ ಕಂಪನಿಗಳ ಕೂಟ ಓಪನ್ ಇನ್ವೆನ್ಶನ್ ನೆಟ್‌ವರ್ಕನ್ನು ಮೈಕ್ರೋಸಾಫ್ಟ್ ಸೇರಿ, ಸುಮಾರು 60,000 ಪೇಟೆಂಟ್‌ಗಳನ್ನು ಲಿನಕ್ಸ್ ರಕ್ಷಣೆಯ ಒಪ್ಪಂದದೊಳಗೆ ತಂದಿತು. ಹಿಂದೆ ಹೆದರಿಸಲು ಹಿಡಿದಿದ್ದ ಕೋಲನ್ನು ಕೆಳಗಿಟ್ಟಂತೆಯೇ.

ತಕರಾರು ಇರುವುದು ಡೆವಲಪರ್‌ಗಳು ದಿನಾ ಬಳಸುವ ಟೂಲ್‌ಗಳಲ್ಲಿ. ಹಾಟ್ ರೀಲೋಡ್ ನೋಡಿ. ಪ್ರೋಗ್ರಾಂ ಓಡುತ್ತಿರುವಾಗಲೇ ಕೋಡ್ ತಿದ್ದಿದರೆ, ನಿಲ್ಲಿಸದೆಯೇ ಬದಲಾವಣೆ ಜಾರಿಯಾಗುವ ಸೌಲಭ್ಯ ಇದು. ಡಾಟ್‌ನೆಟ್ 6ರ ಪ್ರಯೋಗ ಆವೃತ್ತಿಗಳಲ್ಲಿ ಇದನ್ನು ಕಮ್ಯಾಂಡ್ ಲೈನ್‌ನಿಂದಲೇ, ಅಂದರೆ ಆದೇಶ ಟೈಪ್ ಮಾಡಿಯೇ ಬಳಸಬಹುದಿತ್ತು. ಅಂದರೆ ಲಿನಕ್ಸ್‌ನವರಿಗೂ ಸಿಗುತ್ತಿತ್ತು. 2021ರ ಅಕ್ಟೋಬರ್‌ನಲ್ಲಿ, ಬಿಡುಗಡೆಗೆ ಕೆಲವೇ ವಾರ ಇರುವಾಗ, ಆ ಕೋಡನ್ನೇ ಕಿತ್ತುಹಾಕಿದರು. ಇನ್ನು ಇದು ಲಿನಕ್ಸ್‌ನಲ್ಲಿ ಓಡದ ತಮ್ಮದೇ ಟೂಲ್ ವಿಶುವಲ್ ಸ್ಟುಡಿಯೋ 2022ರಲ್ಲಿ ಮಾತ್ರ ಎಂದರು. ಓಪನ್ ಸೋರ್ಸ್ ಪ್ರಾಜೆಕ್ಟ್ ಆದ್ದರಿಂದ ಕಿತ್ತಿದ್ದು ಎಲ್ಲರ ಕಣ್ಣಿಗೂ ಬಿತ್ತು. ಗಲಾಟೆ ಜೋರಾಯಿತು. ಕೆಲವೇ ದಿನಗಳಲ್ಲಿ ಕೋಡ್ ವಾಪಸ್ ಬಂತು, ಕ್ಷಮೆಯೂ ಬಂತು.

ಕೋಡ್ ಬರೆಯಲು ಮೈಕ್ರೋಸಾಫ್ಟ್ ಕೊಡುವ ಎಡಿಟರ್ ವಿಎಸ್ ಕೋಡ್‌ನ ಕಥೆ ಇಷ್ಟು ನೇರವಲ್ಲ. ಮೂಲ ಕೋಡ್‌ಗೆ ಎಂಐಟಿ ಲೈಸೆನ್ಸ್, ಯಾರು ಬೇಕಾದರೂ ತಗೊಂಡು ತಮ್ಮ ಎಡಿಟರ್ ಕಟ್ಟಬಹುದು. ಆದರೆ ನಾವು ಡೌನ್‌ಲೋಡ್ ಮಾಡುವ ಆ್ಯಪ್‌ಗೆ ಬೇರೆಯೇ ಲೈಸೆನ್ಸ್ ಇದೆ. ಎಡಿಟರ್‌ಗೆ ಹೊಸ ಸೌಲಭ್ಯ ಸೇರಿಸುವ ಎಕ್ಸ್‌ಟೆನ್ಶನ್‌ಗಳ ಅಂಗಡಿಯನ್ನು ಮೈಕ್ರೋಸಾಫ್ಟ್ ಉತ್ಪನ್ನಗಳಿಂದ ಮಾತ್ರ ಬಳಸಬೇಕೆಂಬ ಷರತ್ತೂ ಇದೆ. ಪೈಥಾನ್ ಬರೆಯುವವರು ನೆಚ್ಚಿಕೊಂಡಿರುವ ಪೈಲ್ಯಾನ್ಸ್ ಎಂಬ ಎಕ್ಸ್‌ಟೆನ್ಶನ್ ಓಪನ್ ಸೋರ್ಸ್ ಅಲ್ಲ. ಚೌಕಟ್ಟು ಎಲ್ಲರದು, ಕೆಲಸಕ್ಕೆ ಬರುವ ಮುಖ್ಯ ಭಾಗಗಳು ಕಂಪನಿಯದು.

ಬಹಳ ದಿನ ಆ ಷರತ್ತು ಕಾಗದದ ಮೇಲಷ್ಟೇ ಇತ್ತು. ಅಷ್ಟರಲ್ಲಿ ಇದೇ ಕೋಡ್ ಮೇಲೆ ಕಟ್ಟಿದ ಕರ್ಸರ್ ಎಂಬ ಎಐ ಎಡಿಟರ್, ಕೋಡ್ ಬರೆಯಲು ನೆರವಾಗುವ ಮೈಕ್ರೋಸಾಫ್ಟ್‌ನ ಎಐ ಸಹಾಯಕ ಕೋಪೈಲಟ್‌ಗೆ ಪೈಪೋಟಿ ಕೊಡತೊಡಗಿತು. 2025ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನ ಸಿ++ ಎಕ್ಸ್‌ಟೆನ್ಶನ್ ಅಂಥ ಎಡಿಟರ್‌ಗಳಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸಿತು. ಕೆಲವು ತಿಂಗಳಲ್ಲೇ ಕೋಪೈಲಟ್ ಚಾಟ್ ಎಕ್ಸ್‌ಟೆನ್ಶನ್‌ನ ಕೋಡನ್ನು ಓಪನ್ ಸೋರ್ಸ್ ಮಾಡಿದರು. ಅದರ ಹಿಂದೆ ಓಡುವ, ತಿಂಗಳ ಚಂದಾ ತರುವ ಸೇವೆಯನ್ನಲ್ಲ.