ಬಿಳಿ ದ್ರಾಕ್ಷಿ ಬಿಳಿಯಾದದ್ದು ಹೇಗೆ? ಜಿಗಿಯುವ ವಂಶವಾಹಿಗಳ ಹಿಂದಿನ ಕತೆ

ಸೀಸನ್ ಬಂತೆಂದರೆ ಚಿಕ್ಕಬಳ್ಳಾಪುರದ ರಸ್ತೆ ಬದಿಯಲ್ಲಿ ದ್ರಾಕ್ಷಿ ಬುಟ್ಟಿಗಳು ಸಾಲಾಗಿ ಕೂರುತ್ತವೆ. ಒಂದರಲ್ಲಿ ಕಪ್ಪಗೆ ಮಿರುಗುವ ಬೆಂಗಳೂರು ಬ್ಲೂ. ಪಕ್ಕದಲ್ಲೇ ತಿಳಿಹಸಿರು ದಿಲ್‌ಖುಷ್. ರೇಟು ಕೇಳುತ್ತೇವೆ, ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಸಿಹಿ ನೋಡುತ್ತೇವೆ, ತೂಕ ಹಾಕಿಸುತ್ತೇವೆ. ಒಂದು ಕಪ್ಪು, ಇನ್ನೊಂದು ಬಿಳಿ ಯಾಕೆ ಅಂತ ಯಾರೂ ಕೇಳುವುದಿಲ್ಲ. ತಳಿ ಬೇರೆ ಅಂದರೆ ಮುಗಿಯಿತು, ಅಲ್ವಾ?

ಅಲ್ಲಿಂದಲೇ ಕತೆ ಶುರುವಾಗುವುದು. ದ್ರಾಕ್ಷಿಯ ಮೂಲ ಬಣ್ಣ ಕಪ್ಪು. ಸಿಪ್ಪೆಗೆ ಬಣ್ಣ ತುಂಬು ಅಂತ ಅಪ್ಪಣೆ ಕೊಡುವ ಒಂದು ವಂಶವಾಹಿ ಅದರಲ್ಲಿದೆ. ಎಂದೋ ಒಂದು ಕಾಲದಲ್ಲಿ, ಯಾವುದೋ ಬಳ್ಳಿಯಲ್ಲಿ, ಡಿಎನ್‌ಎಯ ತುಣುಕೊಂದು ಬೇರೆ ಕಡೆಯಿಂದ ಬಂದು ಆ ವಂಶವಾಹಿಯ ಬಾಗಿಲಲ್ಲೇ ಕೂತುಬಿಟ್ಟಿತು. ಅಪ್ಪಣೆ ಹೊರಗೆ ಬರಲಿಲ್ಲ. ಇದೇ ಕೆಲಸ ಮಾಡಬೇಕಿದ್ದ ಪಕ್ಕದ ವಂಶವಾಹಿಯೂ ಬೇರೆ ಕಾರಣಕ್ಕೆ ಕೆಟ್ಟಿತ್ತು. ಹಣ್ಣು ಬಿಳಿಯಾಯಿತು. ಬಾಗಿಲಲ್ಲಿ ಕೂತ ಆ ತುಣುಕನ್ನು ಜಪಾನಿನ ವಿಜ್ಞಾನಿಗಳು 2004ರಲ್ಲಿ ತೋರಿಸಿಕೊಟ್ಟರು. ಅದರ ಹೆಸರು ಗ್ರೆಟ್-1. 'ಇಟಾಲಿಯಾ' ಎಂಬ ಬಿಳಿ ತಳಿಯ ಬಳ್ಳಿಯಲ್ಲಿ ಒಮ್ಮೆ ಒಂದೇ ಒಂದು ಕವಲು ಕೆಂಪು ಗೊಂಚಲು ಬಿಟ್ಟಿತ್ತು. ಅದರ ಡಿಎನ್‌ಎ ನೋಡಿದರೆ, ಗ್ರೆಟ್-1ರ ಬಹುಪಾಲು ಅಲ್ಲಿಂದ ಕಳಚಿ ಹೋಗಿದೆ! ಬಾಗಿಲು ತೆರೆಯಿತು, ಬಣ್ಣ ವಾಪಸ್ ಬಂತು.

ಹೀಗೆ ಜಾಗ ಬದಲಿಸುವ ತುಣುಕುಗಳನ್ನು ಟ್ರಾನ್ಸ್‌ಪೋಸಾನ್ ಅನ್ನುತ್ತಾರೆ. ಆಡುಮಾತಿನಲ್ಲಿ ಜಿಗಿಯುವ ವಂಶವಾಹಿಗಳು. ಇವುಗಳನ್ನು ಮೊದಲು ಕಂಡವರು ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್. ಕಂಡದ್ದು ಮುಸುಕಿನ ಜೋಳದಲ್ಲಿ, ನಮ್ಮ ಗೌರಿಬಿದನೂರಿನ ಹೊಲಗಳಲ್ಲಿ ಈಗ ಎಲ್ಲೆಲ್ಲೂ ಕಾಣುವ ಅದೇ ಬೆಳೆಯಲ್ಲಿ.

1940ರ ದಶಕದ ಮಾತು. ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬಲ್ಲಿ ಅವರು ಜೋಳ ಬೆಳೆಯುತ್ತಿದ್ದರು, ತೆನೆ ಸುಲಿದು ಒಂದೊಂದೇ ಕಾಳು ನೋಡುತ್ತಿದ್ದರು. ಕೆಲವು ಕಾಳು ಪೂರ್ತಿ ನೇರಳೆ. ಕೆಲವಕ್ಕೆ ಬಣ್ಣವೇ ಇಲ್ಲ. ಇನ್ನು ಕೆಲವದರಲ್ಲಿ ಬಿಳಿ ಮೈ ಮೇಲೆ ನೇರಳೆ ಚುಕ್ಕೆಗಳು. ಚುಕ್ಕೆಯ ಗಾತ್ರವೂ ಒಂದೇ ಸಮ ಇಲ್ಲ. ಆ ಗಾತ್ರದಲ್ಲೇ ಅವರಿಗೆ ಸುಳಿವು ಸಿಕ್ಕಿತು. ಬಣ್ಣದ ವಂಶವಾಹಿಯಲ್ಲಿ ಒಂದು ತುಣುಕು ಕೂತಿರುವವರೆಗೆ ಆ ಜೀವಕೋಶಕ್ಕೆ ಬಣ್ಣವಿಲ್ಲ. ಅದು ಎದ್ದು ಹೋದರೆ ಬಣ್ಣ ಬರುತ್ತದೆ. ಕಾಳು ಇನ್ನೂ ಎಳೆಯದಾಗಿರುವಾಗಲೇ ಎದ್ದು ಹೋದರೆ, ಆ ಒಂದು ಕೋಶದಿಂದ ಹುಟ್ಟುವ ಎಲ್ಲ ಕೋಶಗಳೂ ನೇರಳೆ, ಅಂದರೆ ದೊಡ್ಡ ಚುಕ್ಕೆ. ಕಾಳು ಬಲಿಯುವ ಹೊತ್ತಿಗೆ ಹೋದರೆ ಸಾಸಿವೆಗಿಂತ ಚಿಕ್ಕ ಚುಕ್ಕೆ. ತುಣುಕು ಯಾವಾಗ ಹೊರಟಿತು ಅನ್ನುವುದನ್ನು ಕಾಳಿನ ಮೈ ಬರೆದಿಟ್ಟಿತ್ತು. ಅವರು ಅದನ್ನು ಓದಿದರು. ಡಿಎನ್‌ಎಯ ರಚನೆ ಗೊತ್ತಾದದ್ದು 1953ರಲ್ಲಿ. ಅದಕ್ಕೂ ಮೊದಲೇ, ಬರೀ ಕಾಳು ಮತ್ತು ಸೂಕ್ಷ್ಮದರ್ಶಕ ಇಟ್ಟುಕೊಂಡು ಮಾಡಿದ ಕೆಲಸ ಇದು. ನನಗೆ ವಿಜ್ಞಾನದಲ್ಲಿ ಇದಕ್ಕಿಂತ ಸೊಗಸಾದ ನೋಟ ಇನ್ನೊಂದು ಗೊತ್ತಿಲ್ಲ.

1951ರಲ್ಲಿ ಅವರು ಇದನ್ನೆಲ್ಲ ವಿಜ್ಞಾನಿಗಳ ಸಭೆಯಲ್ಲಿ ಹೇಳಿದರು. ಹೆಚ್ಚಿನವರಿಗೆ ಅದು ಅರ್ಥವಾಗಲಿಲ್ಲ, ಒಪ್ಪಿಗೆಯೂ ಆಗಲಿಲ್ಲ. ವಂಶವಾಹಿಗಳು ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ತಮ್ಮ ಜಾಗದಲ್ಲೇ ಇರುತ್ತವೆ ಅಂತ ಎಲ್ಲರೂ ನಂಬಿದ್ದ ಕಾಲ. ಜೋಳದ ಮಟ್ಟಿಗೆ ಸರಿ ಇರಬಹುದು ಅಂದವರಿದ್ದರು, ಅಷ್ಟೇ. ಕೆಲವು ವರ್ಷ ಕಳೆದ ಮೇಲೆ ಅವರು ಇದರ ಬಗ್ಗೆ ಬರೆದು ಪ್ರಕಟಿಸುವುದನ್ನೇ ಬಹಳ ಕಡಿಮೆ ಮಾಡಿದರು. ಜೋಳ ಬೆಳೆಯುವುದನ್ನು ಮಾತ್ರ ಬಿಡಲಿಲ್ಲ. 1960ರ ದಶಕದ ಕೊನೆಗೆ ಬ್ಯಾಕ್ಟೀರಿಯಾಗಳಲ್ಲೂ ಇಂಥದ್ದೇ ತುಣುಕುಗಳು ಸಿಕ್ಕಿದವು. 1983ರಲ್ಲಿ ನೊಬೆಲ್ ಬಂತು, ಯಾರ ಜೊತೆಗೂ ಹಂಚಿಕೊಳ್ಳದ ನೊಬೆಲ್. ಆಗ ಅವರಿಗೆ 81 ವರ್ಷ.

ಆದರೂ ಈ ತುಣುಕುಗಳಿಗೆ ಮರ್ಯಾದೆ ಬೇಗ ಸಿಗಲಿಲ್ಲ. ಇವು ಸುಮ್ನೆ ತಮ್ಮ ಸಂಖ್ಯೆ ಹೆಚ್ಚಿಸಿಕೊಳ್ಳುವ ಸ್ವಾರ್ಥಿ ಡಿಎನ್‌ಎ ಅಂತ 1980ರಲ್ಲಿ ಎರಡು ಲೇಖನಗಳು ವಾದಿಸಿದವು. ಕಸ ಅಂದವರೂ ಇದ್ದರು. 2009ರಲ್ಲಿ ಮುಸುಕಿನ ಜೋಳದ ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಓದಿದಾಗ ಈ 'ಕಸ' ಎಷ್ಟಿದೆ ಅಂತ ಗೊತ್ತಾಯಿತು. ಸುಮಾರು 230 ಕೋಟಿ ಅಕ್ಷರಗಳು, ಅದರಲ್ಲಿ ಶೇ 85ರಷ್ಟು ಟ್ರಾನ್ಸ್‌ಪೋಸಾನ್‌ಗಳೇ. ಗೋಧಿಯಲ್ಲೂ ಇವುಗಳ ಪಾಲು ಹೆಚ್ಚುಕಡಿಮೆ ಅಷ್ಟೇ. ನಮ್ಮ ರಾಗಿಯ ಜೀನೋಮನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2017ರಲ್ಲಿ ಹೊರತಂದರು. ಎಂಎಲ್-365 ತಳಿಯದ್ದು, ಸುಮಾರು 120 ಕೋಟಿ ಅಕ್ಷರ. ಅದರಲ್ಲಿ ಅರ್ಧದಷ್ಟು, ಮತ್ತೆ ಮತ್ತೆ ಬರುವ ಇಂಥ ಡಿಎನ್‌ಎ. ಮುದ್ದೆ ಮುರಿಯುವಾಗ ಒಮ್ಮೆ ನೆನೆಸಿಕೊಳ್ಳಿ.

ಇಷ್ಟೊಂದು ಹೇಗೆ ತುಂಬಿತು? ತುಣುಕುಗಳು ಓಡಾಡುವ ರೀತಿ ಎರಡು. ರಾಗಿ ಪೈರನ್ನು ಒಟ್ಲಿನಿಂದ ಕಿತ್ತು ಹೊಲದಲ್ಲಿ ನಾಟಿ ಮಾಡುತ್ತೇವಲ್ಲ, ಒಂದು ಬಗೆ ಹಾಗೆ. ಇಲ್ಲಿಂದ ಕಿತ್ತರೆ ಇಲ್ಲಿ ಖಾಲಿ. ಮೆಕ್ಲಿಂಟಾಕ್ ಕಂಡದ್ದು ಇದನ್ನು. ಇನ್ನೊಂದು, ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಕಡ್ಡಿ ನೆಡುವ ಹಾಗೆ. ತಾಯಿ ಗಿಡ ಇದ್ದಲ್ಲೇ ಇರುತ್ತದೆ, ಅದರ ಕಡ್ಡಿ ಇನ್ನೊಂದು ಕಡೆ ಚಿಗುರುತ್ತದೆ. ಈ ಎರಡನೇ ಬಗೆಯದ್ದು ಪ್ರತಿ ಸಲ ಒಂದು ನಕಲು ಜಾಸ್ತಿ ಮಾಡುತ್ತದೆ. ಗಿಡಗಳ ಜೀನೋಮ್ ಉಬ್ಬಿರುವುದು ಮುಖ್ಯವಾಗಿ ಇದರಿಂದ. ಗ್ರೆಟ್-1 ಕೂಡ ಇದೇ ಬಗೆ. ಇಟಾಲಿಯಾದ ಆ ಕವಲಿನಲ್ಲಿ ಅದು ಕಳಚಿದ್ದು ಬೇರೆಯೇ, ಜಿಗಿದು ಹೋದದ್ದಲ್ಲ.

ಬಂದು ಕೂತದ್ದು ಯಾವಾಗಲೂ ಹಾಳು ಮಾಡುತ್ತದೆ ಅಂತ ತಿಳಿಯಬೇಡಿ. ಮೆಕ್ಸಿಕೋದಲ್ಲಿ ಟಿಯೊಸಿಂಟೆ ಎಂಬ ಕಾಡು ಹುಲ್ಲಿದೆ. ಮೈತುಂಬ ಕವಲು, ಪುಟ್ಟ ತೆನೆ. ಮುಸುಕಿನ ಜೋಳದ ಪೂರ್ವಜ ಅದೇ. ಕವಲು ಹತೋಟಿ ಮಾಡುವ ವಂಶವಾಹಿಯಿಂದ ಸಾಕಷ್ಟು ದೂರದಲ್ಲಿ ಬಂದು ಕೂತ ಹಾಪ್‌ಸ್ಕಾಚ್ ಎಂಬ ತುಣುಕು ಆ ವಂಶವಾಹಿಯ ದನಿ ಏರಿಸಿತು. ಕವಲು ಕಡಿಮೆಯಾಯಿತು, ಗಿಡ ಒಂಟಿ ಕಾಂಡವಾಗಿ ನಿಂತಿತು. ಇದು ತಿಳಿದದ್ದು 2011ರಲ್ಲಿ. ವಿಶೇಷ ಏನೆಂದರೆ, ಮನುಷ್ಯರು ಜೋಳ ಪಳಗಿಸುವ ಮೊದಲೇ ಆ ತುಣುಕು ಕಾಡಿನ ಗಿಡಗಳಲ್ಲಿತ್ತು. ಅಲ್ಲಿನ ರೈತರು ಬೇರೆ ತರ ಕಂಡ ಗಿಡದ ಬೀಜ ಎತ್ತಿಟ್ಟುಕೊಂಡರು, ಅಷ್ಟೇ.

ಪಾವಗಡದ ಕಡಲೆಕಾಯಿ ಇನ್ನೂ ಹತ್ತಿರದ ಉದಾಹರಣೆ. ಎರಡು ಕಾಡು ಜಾತಿ ಬೆರೆತು ಹುಟ್ಟಿದ ಬೆಳೆ ಇದು. ಹುಟ್ಟಿ ಬಹಳ ಕಾಲವಾಗಿಲ್ಲ, ಹಾಗಾಗಿ ತಳಿಗಳ ನಡುವೆ ವ್ಯತ್ಯಾಸ ಕಡಿಮೆ. ಆದರೆ ಇದರೊಳಗೆ ಎಎಚ್-ಮೈಟ್ ಎಂಬ ಪುಟ್ಟ ತುಣುಕುಗಳು ಓಡಾಡುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇವುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರಲ್ಲಿ ಒಂದು ತಳಿ ಇತ್ತು, ಧಾರವಾಡ ಅರ್ಲಿ ರನ್ನರ್. ಅದರ ಬೀಜ ಹಾಕಿದರೆ ಗಿಡಗಳು ಒಂದೇ ತರ ಬರುತ್ತಿರಲಿಲ್ಲ. ಬೇರೆ ಕಡೆ ಸಿಕ್ಕಿದ ಕೆಲವು ಗಿಡಗಳಲ್ಲಿ ಇಂಥ ತುಣುಕು ಎಣ್ಣೆಯ ಒಂದು ವಂಶವಾಹಿಯಲ್ಲಿ ಕೂತಿತ್ತು. ಅದರಿಂದ ಓಲಿಕ್ ಆಮ್ಲ ಜಾಸ್ತಿ ಇರುವ, ಬೇಗ ಮುಗ್ಗಲು ವಾಸನೆ ಬಾರದ ಕಡಲೆಬೀಜ ಸಿಕ್ಕಿತು.

ಹೊಸ ವಂಶವಾಹಿ ಹುಟ್ಟುವ ದಾರಿಯೂ ಇಲ್ಲೇ ಇದೆ. ಟೊಮೆಟೊದಲ್ಲಿ ರೈಡರ್ ಎಂಬ ತುಣುಕು ನಕಲಾಗುವಾಗ ತನ್ನ ಗಡಿ ದಾಟಿ ಪಕ್ಕದ ಒಂದು ವಂಶವಾಹಿಯನ್ನೂ ನಕಲು ಮಾಡಿಕೊಂಡಿತು. ಗುಳೆ ಹೊರಟವರು ಪಕ್ಕದ ಮನೆ ಹುಡುಗನನ್ನೂ ಜೊತೆಗೆ ಕರೆದುಕೊಂಡು ಹೋಗುವುದಿಲ್ಲವೇ, ಹಾಗೆ. ಹತ್ತನೇ ಕ್ರೋಮೋಸೋಮಿನ ಆ ಹುಡುಗನ ನಕಲು ಏಳನೆಯದಕ್ಕೆ ಬಂತು. ಹೊಸ ಊರಿನಲ್ಲಿ ಹೊಸ ಯಜಮಾನ, ಹೊಸ ಕೆಲಸ. ಕಾಯಿ ಬೆಳೆಯುವಾಗ ಅದು ಜೋರಾಗಿ ದುಡಿಯತೊಡಗಿತು. ಗುಂಡಗಿದ್ದ ಟೊಮೆಟೊ ಉದ್ದವಾಯಿತು. 2008ರಲ್ಲಿ ಇದು ಬಯಲಾಯಿತು. ಎಲ್ಲ ಉದ್ದ ಟೊಮೆಟೊಗೂ ಇದೇ ಕಾರಣವಲ್ಲ, ಕೆಲವು ತಳಿಗಳಿಗೆ ಹೌದು.

ಹಾಗಾದರೆ ಇವೆಲ್ಲ ಸದಾ ಜಿಗಿಯುತ್ತಲೇ ಇದ್ದರೆ ಗಿಡ ಬದುಕುವುದು ಹೇಗೆ? ಗಿಡವೂ ಸುಮ್ಮನಿರುವುದಿಲ್ಲ. ಡಿಎನ್‌ಎ ಮೇಲೆ ಮೀಥೈಲ್ ಎಂಬ ರಾಸಾಯನಿಕ ಮುದ್ರೆ ಒತ್ತಿ ತುಣುಕುಗಳಿಗೆ ಬೀಗ ಹಾಕುತ್ತದೆ. ಎಲ್ಲಿ ಒತ್ತಬೇಕು ಅಂತ ತೋರಿಸಲು ಪುಟ್ಟ ಆರ್‌ಎನ್‌ಎಗಳಿವೆ, ಅಂದರೆ ಡಿಎನ್‌ಎಯಿಂದ ನಕಲಾಗುವ ಅಣುಗಳು. ಬೀಗ ಸಡಿಲವಾದಾಗ ತೊಂದರೆ. ಟಿಶ್ಯೂ ಕಲ್ಚರ್‌ನಲ್ಲಿ ಬೆಳೆಸಿದ ತಾಳೆ ಎಣ್ಣೆ ಮರಗಳಲ್ಲಿ ಕೆಲವು ವಿಕಾರ ಹಣ್ಣು ಬಿಟ್ಟು, ಎಣ್ಣೆ ಕಡಿಮೆಯಾಗಿ, ಬೆಳೆಗಾರರು ವರ್ಷಾನುಗಟ್ಟಲೆ ನಷ್ಟ ಅನುಭವಿಸಿದರು. ಕರ್ಮ ಎಂಬ ತುಣುಕಿನ ಮೇಲಿನ ಮುದ್ರೆ ಅಳಿಸಿದ್ದೇ ಕಾರಣ ಅಂತ 2015ರಲ್ಲಿ ತಿಳಿಯಿತು.

ಬಿಸಿಲು, ಬರ ಕೂಡ ಕೆಲವು ತುಣುಕುಗಳನ್ನು ಎಬ್ಬಿಸುತ್ತವೆ. ಟೊಮೆಟೊದ ರೈಡರ್ ಬರಕ್ಕೆ ಎಚ್ಚರವಾಗುತ್ತದೆ ಅನ್ನುವುದು 2019ರಲ್ಲಿ ಖಚಿತವಾಯಿತು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ಟೊಮೆಟೊ ನಿಂತಿರುವುದು ಬೋರ್‌ವೆಲ್ ನೀರಿನ ಮೇಲೆ. ಏಪ್ರಿಲ್‌ನಲ್ಲಿ ಮೋಟಾರು ಗಾಳಿ ಎಳೆಯತೊಡಗಿದರೆ ಮಧ್ಯಾಹ್ನದ ಹೊತ್ತಿಗೆ ಸಾಲುಗಿಡಗಳೆಲ್ಲ ತಲೆ ಬಾಗಿಸುತ್ತವೆ. ಆ ಬಾಡಿದ ಎಲೆಗಳ ಒಳಗೆ ರೈಡರ್ ಆಗ ಕಣ್ಣು ಬಿಡುತ್ತಿರಬಹುದು.